ಶಿಕಾಗೋದಲ್ಲಿ ಸಿಕ್ಕ ಪಾರಿಜಾತದ ಪುಸ್ತಕ

ಶಿಕಾಗೋ ವಿಶ್ವವಿದ್ಯಾಲಯದಲ್ಲಿ ನನಗೆ ಪಿಎಚ್.ಡಿ. ಸೀಟು ಸಿಕ್ಕಿತೆಂಬ ಸುದ್ದಿ ಊರಲ್ಲಿ ಹರಡಿದ ಮೇಲೆ ಅಪ್ಪ ಕಟ್ಟೆಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ: "ಡೊನೇಶನ್ ಎಷ್ಟ್ ಕೊಟ್ರಿ?" ಕೇಳಿದವರದು ತಪ್ಪಿಲ್ಲ. ಖಾಸಗಿ ವಿಶ್ವವಿದ್ಯಾಲಯ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹೈವೇ ಮಗ್ಗುಲಿನ ದೊಡ್ಡ ಕಮಾನು, ಫ್ಲೆಕ್ಸು, ಮ್ಯಾನೇಜ್‌ಮೆಂಟ್ ಕೋಟಾ. "ನಾವ್ ಏನೂ ಕೊಡಬೇಕಾಗಿಲ್ಲಂತ, ಅವರ ಆಕಿಗೆ ತಿಂಗಳಾ ರೊಕ್ಕಾ ಕೊಡ್ತಾರಂತ" ಎಂದು ಅಪ್ಪ ಹೇಳಿದರೆ ಯಾರೂ ನಂಬಲಿಲ್ಲ. ಒಂದಿಬ್ಬರು ಇದು ಮೋಸದ ಜಾಲ ಇರಬೇಕು, ಪಾಸ್‌ಪೋರ್ಟ್ ಕೈಯಾಗ ಕೊಡಬ್ಯಾಡ್ರಿ ಎಂದು ಕಾಳಜಿಯಿಂದ ಎಚ್ಚರಿಸಿಯೂ ಹೋದರು.

ನಾನು 2016ರ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಹೋದೆ, 2023ರಲ್ಲಿ ಪ್ರಬಂಧ ಒಪ್ಪಿಸಿದೆ. ಈಗ ನಮ್ಮ ಕಡೆಯ ಎಂ.ಎ. ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. ಎಷ್ಟು ಅಂಕ ಬೇಕು, ಎಷ್ಟು ದುಡ್ಡು ಬೇಕು, ಇಂಗ್ಲಿಷ್ ಎಷ್ಟು ಬರಬೇಕು ಎಂದು ಕೇಳುತ್ತಾರೆ. ಅದನ್ನೆಲ್ಲ ಹೇಳುತ್ತೇನೆ. ಆದರೆ ಆ ಏಳು ವರ್ಷ ನನ್ನನ್ನು ಎಡೆಬಿಡದೆ ಕಾಡಿದ್ದು ಅಂಕವೂ ಅಲ್ಲ, ದುಡ್ಡೂ ಅಲ್ಲ. ಅರ್ಜಿಯ ಮೊದಲ ಪುಟದಿಂದ ಕೊನೆಯ ಮೌಖಿಕ ಪರೀಕ್ಷೆಯವರೆಗೆ ಅಲ್ಲಿ ಎಲ್ಲರೂ ನನ್ನನ್ನು ಕೇಳಿದ್ದು "ನಿನ್ನ ಪ್ರಶ್ನೆ ಏನು?" ಎಂದು. ನಾನು ಅಲ್ಲಿಯವರೆಗೆ ಓದಿದ ಹದಿನೇಳು ವರ್ಷಗಳಲ್ಲಿ ಉತ್ತರ ಕೇಳಿದವರು ಬಹಳ ಮಂದಿ. ನನ್ನ ಪ್ರಶ್ನೆ ಏನೆಂದು ಕೇಳಿದವರು ಒಬ್ಬರೂ ಇರಲಿಲ್ಲ.

ನನ್ನ ಪ್ರಶ್ನೆ ಮನೆಯ ಟ್ರಂಕಿನಲ್ಲೇ ಇತ್ತು ಅನ್ನುವುದು ನನಗೆ ತಡವಾಗಿ ತಿಳಿಯಿತು. ನಮ್ಮೂರು ಘಟಪ್ರಭಾ ಹೊಳೆಯ ದಂಡೆ, ಗೋಕಾಕದ ಸೀಮೆ. ಶ್ರೀಕೃಷ್ಣ ಪಾರಿಜಾತವೆಂಬ ಜನಪದ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಹೆಸರು ಹೇಳಿ ಗೆಜ್ಜೆ ಕಟ್ಟುವ ಊರುಗಳಿವು. ನನ್ನ ಮುತ್ಯಾ ನಲವತ್ತು ವರ್ಷ ಆ ಪಾರಿಜಾತದ ಭಾಗವತ, ಅಂದರೆ ಹಾಡಿ ಆಟ ನಡೆಸುವವ. ಅವನ ಟ್ರಂಕಿನಲ್ಲಿ ಎರಡು ವಸ್ತು ಇದ್ದವು. ಒಂದು, ಅವನೇ ಬರೆದುಕೊಂಡ ಉದ್ದನೆಯ ರೂಲಿನ ವಹಿ. ಇನ್ನೊಂದು, ಜಾತ್ರೆಯಲ್ಲಿ ಕೊಂಡ ಅಚ್ಚಿನ ಪುಸ್ತಕದ ಹರಿದ ಹಾಳೆಗಳು, ಮುಖಪುಟವೂ ಇಲ್ಲ, ಕೊನೆಯೂ ಇಲ್ಲ. ಎರಡೂ ಒಂದೇ ಆಟ, ಆದರೆ ಮಾತು ಬೇರೆ, ಹಾಡುಗಳ ಅನುಕ್ರಮ ಬೇರೆ, ಕೊರವಂಜಿ ಬರುವ ಹೊತ್ತೇ ಬೇರೆ. ಎಂ.ಎ. ಓದುವಾಗ ನಮ್ಮ ಮೇಷ್ಟ್ರೊಬ್ಬರಿಗೆ ಇದನ್ನು ತೋರಿಸಿದ್ದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ, "ಇದನ್ನ ಹಿಡಕೊಂಡು ಎಲ್ಲಿಯಾದರೂ ದೊಡ್ಡ ಕಡೆ ಹೋಗವ್ವ. ಶಿಕಾಗೋದಲ್ಲಿ ಎ. ಕೆ. ರಾಮಾನುಜನ್ ಇದ್ದರು, ಅಲ್ಲಿ ಕನ್ನಡದ ಪುಸ್ತಕ ರಾಶಿ ಬಿದ್ದಾವಂತ" ಅಂದರು. ಮೈಸೂರಿನ ರಾಮಾನುಜನ್ ಅಮೆರಿಕಕ್ಕೆ ಹೋಗುವ ಮುಂಚೆ ನಮ್ಮ ಬೆಳಗಾವಿಯಲ್ಲೂ ಪಾಠ ಮಾಡಿದವರು. 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಶಿಕಾಗೋ ವಿಶ್ವವಿದ್ಯಾಲಯದಲ್ಲೇ ಇದ್ದರು. ಕನ್ನಡದ ಕತೆ, ವಚನ, ಗಾದೆಗಳನ್ನು ಅಲ್ಲಿನ ತರಗತಿಗೆ ಒಯ್ದವರು. ಅವರು ಹೋಗಿ ಇಪ್ಪತ್ತು ವರ್ಷ ಕಳೆದಿದ್ದರೂ ನನ್ನಂಥವಳಿಗೆ ಅಲ್ಲಿ ಒಂದು ಹೆಜ್ಜೆಗುರುತು ಇದೆ ಎಂಬ ಧೈರ್ಯ ಬಂದದ್ದು ಆ ಮಾತಿನಿಂದ.

ಅರ್ಜಿಯ ಕೊನೆಯ ದಿನ ಡಿಸೆಂಬರ್ ನಡುವಿಗೆ. ನಾನು ಜೂನ್‌ನಲ್ಲೇ ಶುರು ಮಾಡಿದ್ದರಿಂದ ಬಚಾವಾದೆ. ಅಗತ್ಯವಿದ್ದದ್ದು ಇಷ್ಟು: ಜಿಆರ್‌ಇ (ಉನ್ನತ ಓದಿನ ಪ್ರವೇಶಕ್ಕೆ), ಟೋಫೆಲ್ (ಇಂಗ್ಲಿಷಿಗೆ) ಪರೀಕ್ಷೆಗಳ ಅಂಕ, ಓದಿದ ವಿಶ್ವವಿದ್ಯಾಲಯದ ಅಧಿಕೃತ ಅಂಕಪಟ್ಟಿ, ಮೂವರು ಗುರುಗಳ ಶಿಫಾರಸು ಪತ್ರ, ನಾನು ಬರೆದ ಒಂದು ಸಂಶೋಧನಾ ಲೇಖನ, ಕೊನೆಗೆ ಎಸ್‌ಒಪಿ, ಅಂದರೆ ಏನು ಓದಬೇಕು, ಯಾಕೆ, ಅಲ್ಲೇ ಯಾಕೆ ಎಂದು ಹೇಳುವ ಎರಡು ಪುಟ. ಪರೀಕ್ಷೆಗಳಿಗಾಗಿ ಘಟಪ್ರಭಾ ಸ್ಟೇಶನ್ನಿನಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಎರಡು ಸಲ ಬೆಂಗಳೂರಿಗೆ ಹೋಗಿ ಬಂದೆ. ಅಂಕಪಟ್ಟಿಗೆ ನಾನು ಓದಿದ ಕಡೆ ಆರು ವಾರ ಓಡಾಡಿದೆ. ಲಕೋಟೆ ಮುಚ್ಚಿ, ಅದರ ಬಾಯಿಯ ಮೇಲೆ ಸೀಲು ಹಾಕಿ ಕೊಡಬೇಕು ಅನ್ನುವುದನ್ನು ಅಲ್ಲಿ ಯಾರಿಗೂ ತಿಳಿಸಿ ಹೇಳಲಾಗಲಿಲ್ಲ. ಕೊನೆಗೆ ಒಬ್ಬ ಹಿರಿಯ ಗುಮಾಸ್ತರು ತಾವೇ ಅರಗು ಕರಗಿಸಿ ಮುದ್ರೆ ಒತ್ತಿ ಕೊಟ್ಟರು. ಅವರನ್ನು ಈಗಲೂ ನೆನೆಯುತ್ತೇನೆ.

ಎಸ್‌ಒಪಿ ಮಾತ್ರ ನನ್ನನ್ನು ಹಣ್ಣು ಮಾಡಿತು. ಮೊದಲ ಕರಡು "ಚಿಕ್ಕಂದಿನಿಂದಲೂ ನನಗೆ ಸಾಹಿತ್ಯವೆಂದರೆ ಪ್ರಾಣ" ಎಂದು ಶುರುವಾಗಿತ್ತು. ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಿದ್ದ ಅಕ್ಕನೊಬ್ಬರಿಗೆ ಕಳಿಸಿದೆ. ಅವರು ಮೊದಲ ಪುಟಕ್ಕೆ ಅಡ್ಡಗೆರೆ ಎಳೆದು, "ಇದು ಯಾರ ಅರ್ಜಿಯೂ ಆಗಬಹುದು. ಆ ಎರಡು ಪುಸ್ತಕ ಯಾಕೆ ಬೇರೆ ಬೇರೆ? ಅದರಿಂದ ಶುರು ಮಾಡು" ಎಂದು ವಾಪಸ್ ಕಳಿಸಿದರು. ಒಂಬತ್ತು ಸಲ ಬರೆದೆ. ಒಂಬತ್ತನೆಯದರಲ್ಲಿ ಪ್ರಾಣವೂ ಇರಲಿಲ್ಲ, ಚಿಕ್ಕಂದಿನ ಮಾತೂ ಇರಲಿಲ್ಲ. ಮುತ್ಯಾನ ವಹಿಯಲ್ಲಿ ಕೊರವಂಜಿ ಎಲ್ಲಿ ಬರುತ್ತಾಳೆ, ಅಚ್ಚಿನಲ್ಲಿ ಎಲ್ಲಿ ಬರುತ್ತಾಳೆ ಎಂಬುದರಿಂದ ಮೊದಲಾಗಿ, ಬಾಯಲ್ಲಿ ಇದ್ದ ಆಟ ಅಚ್ಚಿಗೆ ಹೋದಾಗ ಏನಾಯಿತು ಎಂಬಲ್ಲಿ ಮುಗಿದಿತ್ತು. ಬೇರೆ ಯಾರೂ ಬರೆಯಲಾಗದ ಎರಡು ಪುಟ ಅದು. ಈಗ ನನಗೆ ಕರಡು ಕಳಿಸುವವರಿಗೂ ಮೊದಲ ಪುಟಕ್ಕೆ ಅಡ್ಡಗೆರೆ ಎಳೆದೇ ವಾಪಸ್ ಕೊಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಫೆಬ್ರವರಿಯಲ್ಲಿ ಸ್ಕೈಪ್‌ನಲ್ಲಿ ಅರ್ಧ ತಾಸು ಮಾತಾಡಿದರು. ಕರೆಂಟು ಹೋದೀತೆಂದು ಗೋಕಾಕದಲ್ಲಿ ಕಾಕಾನ ಅಂಗಡಿಯ ಇನ್‌ವರ್ಟರ್ ಪಕ್ಕ ಕೂತಿದ್ದೆ. ಎರಡು ವಾರ ಬಿಟ್ಟು ಪತ್ರ ಬಂತು. ಟ್ಯೂಶನ್ ಫೀ ಪೂರ್ತಿ ಮಾಫಿ, ಆರೋಗ್ಯ ವಿಮೆ ಅವರದೇ, ಬಾಡಿಗೆ ಊಟಕ್ಕೆ ಸಾಲುವಷ್ಟು ಸ್ಟೈಪೆಂಡು. ಏಪ್ರಿಲ್ 15ರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಅಮೆರಿಕದ ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳು ಈ ತಾರೀಖನ್ನು ಒಪ್ಪಿಕೊಂಡಿವೆ, ಅದಕ್ಕೂ ಮೊದಲು ಉತ್ತರ ಕೊಡೆಂದು ಯಾರೂ ಒತ್ತಾಯಿಸುವಂತಿಲ್ಲ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: 2025ರ ಆಗಸ್ಟ್‌ನಲ್ಲಿ ಶಿಕಾಗೋದ ಕಲೆ ಮತ್ತು ಮಾನವಿಕಗಳ ಹಲವು ವಿಭಾಗಗಳು ಮುಂದಿನ ವರ್ಷಕ್ಕೆ ಹೊಸ ಪಿಎಚ್.ಡಿ. ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದಿಲ್ಲವೆಂದು ಪ್ರಕಟಿಸಿದವು. ಸುದ್ದಿ ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅರ್ಜಿಯ ಶುಲ್ಕ ಕಟ್ಟುವ ಮುನ್ನ ಆ ವರ್ಷ ನಿಮ್ಮ ವಿಭಾಗದಲ್ಲಿ ಪ್ರವೇಶ ಇದೆಯೇ ಎಂದು ವಿಚಾರಿಸಿ.

ಡೊನೇಶನ್ನಿನ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಬೇಕು. ಅಲ್ಲಿ ಖಾಸಗಿ ಅಂದರೆ ಸರ್ಕಾರ ನಡೆಸುವುದಲ್ಲ ಎಂದಷ್ಟೇ ಅರ್ಥ. ಒಬ್ಬ ಮಾಲೀಕನೂ ಇಲ್ಲ. ಟ್ರಸ್ಟಿಗಳ ಮಂಡಳಿ ಇದೆ, ದಾನಿಗಳು ಕೊಟ್ಟ ದತ್ತಿನಿಧಿ ಇದೆ. 1890ರಲ್ಲಿ ಅಮೆರಿಕದ ಬ್ಯಾಪ್ಟಿಸ್ಟರ ಶಿಕ್ಷಣ ಸಂಸ್ಥೆ ಇದನ್ನು ಹುಟ್ಟುಹಾಕಿದಾಗ ಎಣ್ಣೆಯ ದೊರೆ ಜಾನ್ ಡಿ. ರಾಕ್‌ಫೆಲರ್ 6 ಲಕ್ಷ ಡಾಲರ್ ಕೊಡುತ್ತೇನೆಂದ. ಒಂದೇ ಷರತ್ತು: ಉಳಿದ 4 ಲಕ್ಷ ಬೇರೆಯವರಿಂದ ಕೂಡಿಸಬೇಕು. ಅಂಗಡಿಗಳ ಸಾಹುಕಾರ ಮಾರ್ಷಲ್ ಫೀಲ್ಡ್ 10 ಎಕರೆ ಜಾಗ ಕೊಟ್ಟ. 1892ರ ಅಕ್ಟೋಬರ್ 1ಕ್ಕೆ ಪಾಠ ಶುರು. ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಸ್ವತಃ ಹೀಬ್ರೂ ಭಾಷೆಯ ಪಂಡಿತ. ಅದಕ್ಕೇ ಇರಬೇಕು, ದೂರದ ಭಾಷೆಗಳನ್ನು ಓದುವ ಅಭ್ಯಾಸ ಅಲ್ಲಿ ಬುನಾದಿಯಿಂದಲೇ ಬಂದಿದೆ. ಪದವಿ ತರಗತಿಗೆ ಸೇರುವವರ ಶುಲ್ಕ ಕೇಳಿದರೆ ಮಾತ್ರ ನಮ್ಮಂಥವರ ಎದೆ ಒಡೆಯುತ್ತದೆ. ಅವರಲ್ಲೂ ಬಹಳ ಮಂದಿಗೆ ಮನೆಯ ಆದಾಯ ನೋಡಿ ನೆರವು ಸಿಗುತ್ತದೆ. ಪಿಎಚ್.ಡಿ. ಲೆಕ್ಕ ಬೇರೆ. ನೀವು ಅಲ್ಲಿ ಗಿರಾಕಿ ಅಲ್ಲ, ಕೆಲಸಕ್ಕೆ ಬಂದ ಕಿರಿಯ. ಸಂಶೋಧನೆ ಮಾಡಬೇಕು, ಮುಂದೆ ಪಾಠವನ್ನೂ ಮಾಡಬೇಕು, ಅದಕ್ಕೆ ಸಂಭಾವನೆ.

ವೀಸಾದ್ದು ಬೇಗ ಹೇಳುತ್ತೇನೆ. ವಿದ್ಯಾರ್ಥಿ ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಬಂದ ಮೇಲೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ) ಶುಲ್ಕ ಆಗ 200 ಡಾಲರ್, ವೀಸಾ ಶುಲ್ಕ 160 ಡಾಲರ್, ಈಗ ಎರಡೂ ಏರಿವೆ. ಚೆನ್ನೈಗೆ ಹೋಗಿ ಮೊದಲ ದಿನ ಬೆರಳಚ್ಚು ಕೊಟ್ಟು, ಮರುದಿನ ಜೆಮಿನಿ ಫ್ಲೈಓವರ್ ಪಕ್ಕದ ದೂತಾವಾಸದ ಮುಂದೆ ಬಿಸಿಲಲ್ಲಿ ನಿಂತೆವು. ಕಿಟಕಿಯ ಆಚೆಗಿದ್ದಾಕೆ ಕೇಳಿದ್ದು, "ಕನ್ನಡ ಓದಲು ಅಮೆರಿಕ ಯಾಕೆ?" ಅದೇ ಪ್ರಶ್ನೆಯನ್ನು ಮುತ್ಯಾ ಎರಡು ತಿಂಗಳು ಮೊದಲೇ ಕೇಳಿದ್ದ: "ನಮ್ಮ ಪಾರಿಜಾತ ಓದಾಕ ಅಷ್ಟ್ ದೂರ ಯಾಕ ಹೋಗಬೇಕ ಯವ್ವಾ? ನಾ ಇಲ್ಲೇ ಅದೇನಲ್ಲ." ಮುತ್ಯಾಗೆ ಉತ್ತರ ಹೇಳಲು ನನಗೆ ಆಗಿರಲಿಲ್ಲ. ಆಕೆಗೆ ಮಾತ್ರ, ಅಲ್ಲಿನ ಗ್ರಂಥಾಲಯದಲ್ಲಿ ನಮ್ಮ ಕಡೆ ಸಿಗದ ಕನ್ನಡ ಪುಸ್ತಕಗಳಿವೆ ಎಂದೆ. ಮೂರು ನಿಮಿಷದಲ್ಲಿ ಮುಗಿಯಿತು.

ಮೊದಲ ಸಲ ಕ್ಯಾಂಪಸ್ಸಿನೊಳಗೆ ಕಾಲಿಟ್ಟಾಗ ಇದು ಏಳುನೂರು ವರ್ಷ ಹಳೆಯದಿರಬೇಕು ಅನ್ನಿಸಿತು. ಬೂದು ಬಣ್ಣದ ಸುಣ್ಣಕಲ್ಲು, ಚೂಪು ಕಮಾನು, ಮಾಡಿನ ಅಂಚಿನಿಂದ ಬಾಯ್ದೆರೆದು ನೋಡುವ ಕಲ್ಲಿನ ವಿಕಾರ ಪ್ರಾಣಿಗಳು, ಗೋಡೆಗೆಲ್ಲ ಹಬ್ಬಿದ ಬಳ್ಳಿ. ಕಟ್ಟಿದವರಿಗೆ ಬೇಕಾಗಿದ್ದದ್ದೂ ಅದೇ, ಹೊಸದನ್ನು ಆಕ್ಸ್‌ಫರ್ಡಿನಷ್ಟು ಹಳೆಯದಾಗಿ ಕಾಣಿಸುವುದು. ನಮ್ಮ ವಿಜಯಪುರದ ಗೋಳಗುಮ್ಮಟದ ಮುಂದೆ ಇದು ಮೊನ್ನೆ ಮೊನ್ನೆಯದು. ಕ್ಯಾಂಪಸ್ಸಿನ ದಕ್ಷಿಣಕ್ಕೆ ಉದ್ದಕ್ಕೆ ಚಾಚಿದ ಹುಲ್ಲಿನ ಬಯಲಿದೆ, ಮಿಡ್‌ವೇ ಅನ್ನುತ್ತಾರೆ. 1893ರ ವಿಶ್ವ ಮೇಳದ ಕಾಲಕ್ಕೆ ಜಗತ್ತಿನ ಮೊದಲ ಫೆರಿಸ್ ಚಕ್ರ, ನಮ್ಮ ಜಾತ್ರೆಯ ತಿರುಗುವ ತೊಟ್ಟಿಲಿನ ಮೂಲಪುರುಷ, ನಿಂತಿದ್ದು ಅಲ್ಲೇ. ಊರಿಂದ ಮಾತಾಡಿದವರೆಲ್ಲ "ವಿವೇಕಾನಂದರು ಭಾಷಣ ಮಾಡಿದ್ದು ನಿಮ್ಮ ಕಾಲೇಜಿನಾಗ ಏನ?" ಎಂದು ಕೇಳುತ್ತಿದ್ದರು. ಅಲ್ಲ. ಅದೇ ಮೇಳದ ಅಂಗವಾಗಿಯೇ ಸರ್ವಧರ್ಮ ಸಮ್ಮೇಳನ ನಡೆದರೂ ಅವರು ಮಾತಾಡಿದ್ದು ನಗರದ ನಡುವೆ, ಈಗ ಕಲಾ ಸಂಗ್ರಹಾಲಯವಾಗಿರುವ ಕಟ್ಟಡದಲ್ಲಿ. ಮೊದಲ ಭಾನುವಾರವೇ 6ನೇ ನಂಬರ್ ಬಸ್ ಹಿಡಿದು, ಸರೋವರದ ದಂಡೆಗುಂಟ ಹೋಗಿ ಅಲ್ಲಿ ನಿಂತು ಅವ್ವಗೆ ವಿಡಿಯೋ ಕಾಲ್ ಮಾಡಿದ್ದೆ.

ಅಲ್ಲಿನ ವರ್ಷ ಕ್ವಾರ್ಟರ್ ಲೆಕ್ಕದಲ್ಲಿ ಓಡುತ್ತದೆ. ಸೆಪ್ಟೆಂಬರ್ ಕೊನೆಗೆ ಶುರುವಾದದ್ದು ಡಿಸೆಂಬರ್ ನಡುವೆ ಮುಗಿಯಬೇಕು, ಜನವರಿಗೆ ಇನ್ನೊಂದು, ಮಾರ್ಚ್ ಕೊನೆಗೆ ಮತ್ತೊಂದು. ಹತ್ತು ವಾರ ಸಿಕ್ಕರೆ ಹೆಚ್ಚು. ಮೂರನೇ ವಾರಕ್ಕೆ ನೆಗಡಿಯಾಗಿ ಮಲಗಿದೆನೆಂದರೆ ಎಂಟನೇ ವಾರದವರೆಗೆ ಅದರ ಸಾಲ ತೀರಿಸುತ್ತಿದ್ದೆ. ವಾರಕ್ಕೆ ಮೂರು ಸೆಮಿನಾರು, ಒಂದೊಂದಕ್ಕೆ ಒಂದಿಡೀ ಪುಸ್ತಕ. ಮೊದಲ ಕ್ವಾರ್ಟರಿನಲ್ಲಿ ನಾನು ಬಾಯಿ ಬಿಟ್ಟದ್ದು ಎರಡೇ ಸಲ. ಇಂಗ್ಲಿಷ್ ಬರುತ್ತಿರಲಿಲ್ಲವೆಂದಲ್ಲ. ಮನಸ್ಸಿನಲ್ಲಿ ವಾಕ್ಯ ಜೋಡಿಸಿ ಮುಗಿಸುವಷ್ಟರಲ್ಲಿ ಮಾತು ಇನ್ನೆಲ್ಲಿಗೋ ಹೋಗಿರುತ್ತಿತ್ತು. ಮೊದಲ ಪ್ರಬಂಧ ವಾಪಸ್ ಬಂದಾಗ ಅಂಚಿನ ತುಂಬ ಪೆನ್ಸಿಲ್ ಬರಹ. ನಾನು "ಜನಪದ ಪರಂಪರೆಯಲ್ಲಿ" ಎಂದು ಬರೆದ ಏಳು ಕಡೆಯೂ ಪ್ರಾಧ್ಯಾಪಕರು ಸುತ್ತು ಹಾಕಿ, "ಯಾರು? ಯಾವ ಊರು? ಯಾವ ವರ್ಷ?" ಎಂದು ಕೇಳಿದ್ದರು. ರೂಮಿಗೆ ಹೋಗಿ ಅತ್ತೆ. ಮರುದಿನ ಕೂತು ಏಳೂ ಪ್ರಶ್ನೆಗೆ ಉತ್ತರ ಬರೆಯಲು ನೋಡಿದರೆ, ಮೂರಕ್ಕೆ ಉತ್ತರ ನನ್ನ ಹತ್ತಿರ ಇತ್ತು. ನಾಲ್ಕಕ್ಕೆ ಇರಲಿಲ್ಲ. ಆ ನಾಲ್ಕು ಕಡೆ ನಾನು ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಬರೆದಿದ್ದೆ.

ಗ್ರಂಥಾಲಯದ ಹೆಸರು ರೆಗೆನ್‌ಸ್ಟೈನ್. 1970ರಲ್ಲಿ ತೆರೆದದ್ದು. ಸುತ್ತಲಿನ ಗಾಥಿಕ್ ಚೆಂದದ ನಡುವೆ ಅದೊಂದು ಒರಟು ಬಂಡೆ. ಅದು ನಿಂತ ನೆಲದಲ್ಲಿ ಮೊದಲು ಫುಟ್‌ಬಾಲ್ ಮೈದಾನ ಇತ್ತು. ಆ ಮೈದಾನದ ಗ್ಯಾಲರಿಯ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೋ ಫರ್ಮಿ ಮತ್ತು ಸಂಗಡಿಗರು ಗ್ರಾಫೈಟ್ ಇಟ್ಟಿಗೆಗಳ ರಾಶಿಯೊಳಗೆ ಯುರೇನಿಯಂ ಇಟ್ಟು, ಮನುಷ್ಯ ನಡೆಸಿದ ಮೊದಲ ಅಣು ಸರಪಳಿ ಕ್ರಿಯೆಯನ್ನು ಸಾಧಿಸಿದರು. ಆ ಜಾಗದಲ್ಲೀಗ ಹೆನ್ರಿ ಮೂರ್ ಮಾಡಿದ ಕಂಚಿನ ಶಿಲ್ಪವಿದೆ, ಒಂದು ಕಡೆಯಿಂದ ತಲೆಬುರುಡೆ, ಇನ್ನೊಂದು ಕಡೆಯಿಂದ ಅಣಬೆಯ ಮೋಡ. ಅಲ್ಲಿದ್ದಷ್ಟು ಕಾಲ ದಿನಾಲೂ ಅದರ ಪಕ್ಕ ಹಾದು ಓದಲು ಹೋದೆ. ಹಿರೋಶಿಮಾದ ಹಾದಿ ಇಲ್ಲಿಂದಲೂ ಹೊರಟಿತ್ತು ಎಂಬುದು ಒಂದು ದಿನವೂ ಮನಸ್ಸಿಗೆ ಹಗುರಾಗಲಿಲ್ಲ. ಹಾಗೆಯೇ ಕ್ಯಾಂಪಸ್ಸಿನ ಸುತ್ತ ಕರಿಯರ ಬಡಾವಣೆಗಳಿವೆ. 1950, 60ರ ದಶಕಗಳ ನಗರ ನವೀಕರಣದಲ್ಲಿ ಅವರ ಸಾವಿರಾರು ಕುಟುಂಬಗಳು ಎತ್ತಂಗಡಿಯಾದದ್ದು, ಅದರಲ್ಲಿ ವಿಶ್ವವಿದ್ಯಾಲಯದ ಕೈ ಇದ್ದದ್ದು ದಾಖಲಾದ ಚರಿತ್ರೆ. ಗುಂಡೇಟು ಬಿದ್ದವರಿಗೆ ಹತ್ತಿರದಲ್ಲೇ ಚಿಕಿತ್ಸೆ ಸಿಗಬೇಕೆಂದು ಅಲ್ಲಿನ ಯುವಕರು ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆ ವಯಸ್ಕರ ಟ್ರಾಮಾ ಕೇಂದ್ರ ತೆರೆಯಿತು. ನಾನಾಗ ಅಲ್ಲೇ ಇದ್ದೆ. ಈ ವಿಶ್ವವಿದ್ಯಾಲಯದ ಹಿರಿಮೆ ಹೇಳುವವರು ಇವನ್ನೂ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಪುಸ್ತಕದ ಮಾತು. ಕನ್ನಡ ಸಾಹಿತ್ಯಕ್ಕೆ ಅಲ್ಲಿನ ಕಪಾಟಿನ ಸಂಖ್ಯೆ ಪಿಎಲ್ 4650ರಿಂದ 4659. ಮೊದಲ ವಾರವೇ ಆ ಸಾಲು ಹುಡುಕಿ ಹೋದೆ. ಇಷ್ಟಿರಬಹುದು ಎಂದು ನಾನು ಎಣಿಸಿರಲಿಲ್ಲ. ದೊಡ್ಡ ಲೇಖಕರು ಸರಿ, ಇರಬೇಕಾದದ್ದೇ. ಧಾರವಾಡ, ಗದಗ, ಹುಬ್ಬಳ್ಳಿಯ ಸಣ್ಣ ಪ್ರಕಾಶಕರ ಕಾದಂಬರಿ, ಮಠದ ಪುರಾಣ, ತತ್ವಪದದ ಹೊತ್ತಗೆ, ಕಂಪನಿ ನಾಟಕ ಎಲ್ಲ ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಮಹಡಿಯಲ್ಲಿ ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಪುಸ್ತಕಗಳ ಬೆನ್ನಿನ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದುತ್ತ ಸಾಲಿನ ಆ ತುದಿಯವರೆಗೆ ಹೋದೆ.

ಅವು ಅಲ್ಲಿಗೆ ಹೋದ ಬಗೆ ತಿಳಿದಾಗ ನನಗೆ ನಮ್ಮೂರೇ ನೆನಪಾಯಿತು. ಅಮೆರಿಕದ 1954ರ ಪಬ್ಲಿಕ್ ಲಾ 480, ನಮ್ಮ ಹಿರಿಯರ ಬಾಯಲ್ಲಿ ಪಿಎಲ್ 480. ಬರಗಾಲದ ಆ ದಿನಗಳಲ್ಲಿ ಅದರಡಿ ಭಾರತಕ್ಕೆ ಗೋದಿ ಬಂತು, ಕೆಂಪು ಜೋಳವೂ ಬಂತು. ಭಾರತ ಅದರ ಬೆಲೆಯನ್ನು ಡಾಲರಿನಲ್ಲಿ ಕೊಡಲಿಲ್ಲ, ರೂಪಾಯಿಯಲ್ಲಿ ಕೊಟ್ಟಿತು. ಆ ರೂಪಾಯಿ ಅಮೆರಿಕದ ಲೆಕ್ಕದಲ್ಲಿ ಇಲ್ಲೇ ಉಳಿಯಿತು. ಅದರಲ್ಲಿ ಒಂದು ಪಾಲನ್ನು 1962ರಿಂದ ಪುಸ್ತಕಕ್ಕೆ ಬಳಸಿದರು. ಅಮೆರಿಕದ ಸಂಸತ್ತಿನ ಗ್ರಂಥಾಲಯ ದಿಲ್ಲಿಯಲ್ಲಿ ಕಚೇರಿ ತೆರೆದು, ಭಾರತದ ಭಾಷೆಗಳಲ್ಲಿ ಅಚ್ಚಾಗುತ್ತಿದ್ದ ಪುಸ್ತಕಗಳನ್ನು ಕೊಂಡು, ಆಯ್ದ ಕೆಲವು ವಿಶ್ವವಿದ್ಯಾಲಯಗಳಿಗೆ ಒಂದೊಂದು ಪ್ರತಿ ಕಳಿಸುತ್ತಿತ್ತು. ಶಿಕಾಗೋ ಅವುಗಳಲ್ಲಿ ಒಂದು. ಈ ವಿಷಯ ಫೋನಿನಲ್ಲಿ ಹೇಳಿದಾಗ ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕೆಂಪ ಜ್ವಾಳದ ರೊಟ್ಟಿ ತಿಂದೇ ನಾವ್ ಆಟಾ ಆಡೇವ ಯವ್ವಾ. ಹರೀತಿದ್ದಿಲ್ಲ ಆ ರೊಟ್ಟಿ, ಎಳದ್ರ ಮುರೀತಿತ್ತ" ಅಂದ. ಜೋಳ ಈ ಕಡೆ ಬಂದದ್ದು ಅವನಿಗೆ ಗೊತ್ತಿತ್ತು. ಅದರ ಲೆಕ್ಕಕ್ಕೆ ಪುಸ್ತಕ ಆ ಕಡೆ ಹೋದದ್ದು ಗೊತ್ತಿರಲಿಲ್ಲ.

ಪಾರಿಜಾತ ಮಾತ್ರ ಕಪಾಟಿನಲ್ಲಿ ಸಿಗಲಿಲ್ಲ. ಕ್ಯಾಟಲಾಗಿನಲ್ಲಿ ಇತ್ತು, ಇರುವ ಜಾಗ ಮನ್ಸೂಯೆಟೋ ಎಂದಿತ್ತು. ರೆಗೆನ್‌ಸ್ಟೈನ್ ಪಕ್ಕಕ್ಕೇ 2011ರಲ್ಲಿ ಕಟ್ಟಿದ ಗಾಜಿನ ಗುಮ್ಮಟ ಅದು. ಮೇಲೆ ಬಿಸಿಲು ಬೀಳುವ ಓದುವ ಕೋಣೆ, ಕೆಳಗೆ ಐವತ್ತು ಅಡಿ ಆಳದ ಉಗ್ರಾಣ, 35 ಲಕ್ಷ ಸಂಪುಟ ಹಿಡಿಸುವಷ್ಟು ಜಾಗ. ಅಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ಇಡುವುದಿಲ್ಲ, ಅಳತೆಯ ಪ್ರಕಾರ ಇಡುತ್ತಾರೆ. ಒಂದೇ ಎತ್ತರದವನ್ನು ಒಂದು ಉಕ್ಕಿನ ಪೆಟ್ಟಿಗೆಯಲ್ಲಿ ತುಂಬಿ, ಬಾರ್‌ಕೋಡ್ ಅಂಟಿಸಿ ಇಳಿಸಿರುತ್ತಾರೆ. ಕಂಪ್ಯೂಟರಿನಲ್ಲಿ ಕೇಳಿದರೆ ಯಂತ್ರದ ಕ್ರೇನು ಹೋಗಿ ಪೆಟ್ಟಿಗೆ ಎತ್ತಿ ತರುತ್ತದೆ. ನಾನು ಕೇಳಿದ ಪುಸ್ತಕ ಕೆಲವೇ ನಿಮಿಷದಲ್ಲಿ ಕೌಂಟರಿಗೆ ಬಂತು.

ಗಟ್ಟಿ ರಟ್ಟು, ಕಡುನೀಲಿ ಬಟ್ಟೆಯ ಬೈಂಡು. ಬಿಚ್ಚಿದರೆ ಒಳಗೆ ನಮ್ಮ ಜಾತ್ರೆಯ ಪುಸ್ತಕ. ಗುಲಾಬಿ ಬಣ್ಣದ ತೆಳು ಮುಖಪುಟ ಅಂಚಿಗೆ ಬಿಳಿಚಿಕೊಂಡಿತ್ತು. ಮೇಲೆ ಕೃಷ್ಣನ ಬ್ಲಾಕ್ ಚಿತ್ರ, ಮಸಿ ಹೆಚ್ಚಾಗಿ ಕೊಳಲೂ ಕೈಯೂ ಕಲೆತುಹೋಗಿದ್ದವು. ಬೆಲೆ ಒಂದು ರೂಪಾಯಿ ಇಪ್ಪತ್ತೈದು ಪೈಸೆ. ನ್ಯೂಸ್‌ಪ್ರಿಂಟ್ ಹಾಳೆ ಚಹಾದ ಬಣ್ಣಕ್ಕೆ ತಿರುಗಿತ್ತು, ಅಂಚು ಮುಟ್ಟಿದರೆ ಪುಡಿಯಾಗುವಂತಿತ್ತು. ಹಿಂದಿನ ರಟ್ಟಿಗೆ ಅಂಟಿಸಿದ ತಾರೀಖಿನ ಚೀಟಿಯಲ್ಲಿ ಒಂದೂ ಮುದ್ರೆ ಇರಲಿಲ್ಲ. ಬಂದಂದಿನಿಂದ ಯಾರೂ ಒಯ್ದಿರಲಿಲ್ಲ. ಮುತ್ಯಾನ ಟ್ರಂಕಿನಲ್ಲಿದ್ದ ಹರಕು ಹಾಳೆಗಳು ಇದೇ ಪುಸ್ತಕದವು ಎಂದು ಎರಡನೇ ಪುಟಕ್ಕೇ ಗೊತ್ತಾಯಿತು. ಅಲ್ಲಿದ್ದ ಅಚ್ಚಿನ ತಪ್ಪೂ ಅದೇ, ತಲೆಕೆಳಗಾಗಿ ಕೂತ "ಭಾ"ವೂ ಅದೇ. ಇಷ್ಟು ವರ್ಷ ಯಾರೂ ಮುಟ್ಟದ ಒಂದೂಕಾಲು ರೂಪಾಯಿಯ ಪುಸ್ತಕಕ್ಕೆ ಬಟ್ಟೆ ಹೊದಿಸಿ, ನಂಬರು ಕೊಟ್ಟು, ಒಂದೇ ಹದದ ತಂಪಿನಲ್ಲಿ ಇಟ್ಟು ಕಾಯ್ದಿದ್ದಾರಲ್ಲ! ಆ ವಿಶ್ವವಿದ್ಯಾಲಯದ ಬಗ್ಗೆ ನನಗೆ ಗೌರವ ಹುಟ್ಟಿದ್ದು ನೊಬೆಲ್ ಪಟ್ಟಿ ನೋಡಿ ಅಲ್ಲ, ಆ ಖಾಲಿ ಚೀಟಿ ನೋಡಿ.

ಎರಡನೇ ವರ್ಷ ನನ್ನ ಸರದಿಯ ವರ್ಕ್‌ಶಾಪು ಬಂತು. ಶಿಕಾಗೋದಲ್ಲಿ ಇದೊಂದು ದೊಡ್ಡ ಪದ್ಧತಿ. ಲೇಖನವನ್ನು ಒಂದು ವಾರ ಮೊದಲೇ ಎಲ್ಲರಿಗೂ ಕಳಿಸಬೇಕು, ಅಲ್ಲಿ ಓದಿ ಹೇಳುವಂತಿಲ್ಲ. ಎಲ್ಲರೂ ಓದಿಕೊಂಡೇ ಬಂದಿರುತ್ತಾರೆ. ಮೇಜಿನ ಸುತ್ತ ಹನ್ನೆರಡು ಮಂದಿ: ತಮಿಳು, ಬಂಗಾಳಿ, ಉರ್ದು, ಸಂಸ್ಕೃತ ಓದುವವರು, ಟಿಬೆಟನ್ ಹಸ್ತಪ್ರತಿ ಓದುವ ಒಬ್ಬಾಕೆ. ಕನ್ನಡ ಬಲ್ಲವರು ನಾನೊಬ್ಬಳೇ. ಎರಡೂ ಪಠ್ಯಗಳ ವ್ಯತ್ಯಾಸ ಹೇಳಿ, ಅಚ್ಚು ಆಟವನ್ನು ಕೆಡಿಸಿತು ಎಂದು ನಾನು ವಾದಿಸಿದ್ದೆ. ಟಿಬೆಟನ್ ಓದುವಾಕೆ ನನ್ನ ಉದ್ಧರಣೆಗಳನ್ನು ಮುಂದಿಟ್ಟುಕೊಂಡು ನಿಧಾನವಾಗಿ ಕೇಳಿದಳು: "ಈ ಪುಸ್ತಕದಲ್ಲಿ ಹಾಡುಗಳ ಮೊದಲ ಸಾಲು ಮಾತ್ರ ಇದೆ, ಮುಂದೆ ಬರೀ ಚುಕ್ಕೆ. ಆಟ ಗೊತ್ತಿಲ್ಲದವನಿಗೆ ಇದು ಉಪಯೋಗವಿಲ್ಲ. ಆಟ ಗೊತ್ತಿದ್ದವನಿಗೆ ಇದು ಬೇಕಿಲ್ಲ. ಹಾಗಾದರೆ ಒಂದೂಕಾಲು ರೂಪಾಯಿ ಕೊಟ್ಟು ಇದನ್ನು ಕೊಂಡವರು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿಲ್ಲ ಎಂದೆ. ಆ ಮೇಜಿನ ಸುತ್ತ ಆ ಮಾತನ್ನು ಯಾರೂ ಸೋಲೆಂದು ತಿಳಿಯಲಿಲ್ಲ. ಮುಂದಿನ ಒಂದು ತಾಸು ಹನ್ನೆರಡು ಮಂದಿಯೂ ಆ ಚುಕ್ಕೆಗಳ ಬಗ್ಗೆಯೇ ಮಾತಾಡಿದರು. ಗೋಕಾಕ ಸೀಮೆಯನ್ನು ನಕಾಶೆಯಲ್ಲೂ ಕಂಡಿರದ ಜನ ನನ್ನ ಮುತ್ಯಾನ ಆಟವನ್ನು ತಮ್ಮದೇ ಗಂಟು ಅನ್ನುವಂತೆ ಹಿಡಿದು ಬಿಡಿಸುತ್ತಿದ್ದರು. ನಾನು ಹತ್ತು ಪುಟ ಗೀಚಿಕೊಂಡು ಹೊರಬಂದಾಗ ಹಿಮ ಬೀಳುತ್ತಿತ್ತು, ಕೈಚೀಲ ಒಳಗೇ ಮರೆತಿದ್ದೆ.

ಆಮೇಲಿನದು ಎಲ್ಲರಿಗೂ ಇರುವ ಮೆಟ್ಟಿಲು. ಕೋರ್ಸ್‌ವರ್ಕ್ ಮುಗಿಸಿದೆ. ಜರ್ಮನ್ ಓದಿ ತಿಳಿಯುವ ಪರೀಕ್ಷೆ ಕೊಟ್ಟೆ, ಎರಡನೇ ಸಲಕ್ಕೆ ಪಾಸಾಯಿತು. ಮೂರು ಕ್ಷೇತ್ರಗಳ ಓದುಪಟ್ಟಿ ಮಾಡಿ ಮೌಖಿಕ ಪರೀಕ್ಷೆಗೆ ಕೂತೆ. ಪ್ರಸ್ತಾವ ಒಪ್ಪಿಗೆಯಾದ ಮೇಲೆ 2019ರ ಕೊನೆಗೆ ಕ್ಷೇತ್ರಕಾರ್ಯಕ್ಕೆಂದು ಊರಿಗೆ ಬಂದೆ, ಆ ಪುಸ್ತಕದ ಪೂರ್ತಿ ಸ್ಕ್ಯಾನು ತೆಗೆದುಕೊಂಡು.

ಮುತ್ಯಾಗೆ ಆಗ ಎಂಬತ್ತನಾಲ್ಕು, ಕಣ್ಣು ಮಂಜು. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ನಾನು ಒಂದೊಂದೇ ಪುಟ ಓದಿದೆ. ಮೂರನೇ ಪುಟಕ್ಕೆ ಕೈ ಎತ್ತಿ ತಡೆದ. "ನಿಲ್ಲ. ಕೊರವಂಜಿ ಇಲ್ಲೇ ಬಂದ್ಳಾ? ದೂತಿ ಇನ್ನೂ ಹೋಗೇ ಇಲ್ಲ?" ಹೌದೆಂದೆ. ಅವನು ನಕ್ಕ. "ಇದ ನಮ್ಮ ಆಟ ಅಲ್ಲ, ಹೊಳಿ ಆಚೀ ಕಡಿಯವರದು. ಅವರ ಭಾಗವತಗ ದಮ್ಮ ಇತ್ತ, ಮುಂಜಾನಿ ತನಕಾ ಎಳೀಲಾರ್ದ ಕೊರವಂಜಿನ ಲಗೂ ಕರಸ್ತಿದ್ದಾ. ಅಂವನ ಹೇಳಿ ಬರಸ್ಯಾನ ನೋಡ ಇದನ್ನ."

ಹಾಗಾದರೆ ನೀನು ಯಾಕೆ ಕೊಂಡೆ ಎಂದು ಕೇಳಿದೆ. "ಹಾಡಿಗಲ್ಲ" ಅಂದ. ಹೊಸ ಹುಡುಗರು ಮೇಳಕ್ಕೆ ಸೇರುತ್ತಿದ್ದರಂತೆ. ಹಾಡು ಎಲ್ಲರಿಗೂ ಕೇಳಿ ಕೇಳಿ ಬರುತ್ತಿತ್ತು, ನಡುವಿನ ಮಾತು ಬರುತ್ತಿರಲಿಲ್ಲ. ಸತ್ಯಭಾಮೆ ಇಂತಿಂಥದ್ದು ಕೇಳಿದ ಮೇಲೆ ಭಾಗವತ ಏನು ಅನ್ನಬೇಕು, ದೂತಿ ಎಲ್ಲಿ ಬಾಯಿ ಹಾಕಬೇಕು, ಆ ಅನುಕ್ರಮ ತಪ್ಪುತ್ತಿತ್ತು. ಶಾಲೆ ಕಲಿತ ಹುಡುಗರಿಗೆ ಪುಸ್ತಕ ಕೊಟ್ಟು, ಮಾತು ಇದರಾಗ ನೋಡ್ಕೋ, ಪದಾ ನನ್ನ ಹಿಂದ ಹಾಡ ಅನ್ನುತ್ತಿದ್ದನಂತೆ. ಹೊಳೆಯಾಚೆಯವರ ಅನುಕ್ರಮ ಬೇಡವಾದ ಕಡೆ ಹಾಳೆ ಹರಿದು ತೆಗೆಯುತ್ತಿದ್ದ. ಟ್ರಂಕಿನ ಪುಸ್ತಕಕ್ಕೆ ಮೊದಲೂ ಕೊನೆಯೂ ಇಲ್ಲದ್ದು ಅದಕ್ಕೆ. ಗೆದ್ದಲು ತಿಂದದ್ದಿರಬೇಕೆಂದು ಇಷ್ಟು ವರ್ಷ ಅಂದುಕೊಂಡಿದ್ದೆ, ಅರ್ಜಿಯಲ್ಲೂ ಹಾಗೇ ಬರೆದಿದ್ದೆ.

ಅವ್ವ ಚಹಾ ತಂದಿಟ್ಟಳು. ಮುತ್ಯಾ ಅದನ್ನು ಮುಟ್ಟದೆ, ಮೊದಲು ಆಚೆ ದಂಡೆಯವರ ಧಾಟಿಯಲ್ಲಿ ಆ ಚುಕ್ಕೆ ಬಿಟ್ಟ ಪದ ಹಾಡಿದ, ಆಮೇಲೆ ನಮ್ಮ ಧಾಟಿಯಲ್ಲಿ. ದನಿ ಮೇಲಕ್ಕೆ ಏರುತ್ತಿರಲಿಲ್ಲ, ತಾಳ ಮಾತ್ರ ಬೆರಳಿನಲ್ಲಿ ಎಲ್ಲೂ ಜಾರಲಿಲ್ಲ. ಹಿತ್ತಲಿನಿಂದ ಕಾಕಾ ಬಂದು ಬಾಗಿಲಲ್ಲಿ ನಿಂತು ದನಿಗೂಡಿಸಿದ. ನಾಲ್ಕನೇ ನುಡಿಗೆ ಮುತ್ಯಾ ತಡೆದು, ರೆಕಾರ್ಡರಿನ ಕೆಂಪು ದೀಪದ ಕಡೆ ಮುಖ ಮಾಡಿ, "ಇದು ನಡದೈತೇನ? ಇನ್ನ ಐದ ನುಡಿ ಅದಾವ" ಅಂದ.